ದೇವರು ಸತ್ತ ಮನೆಗೆ ರೊಟ್ಟಿ ತಂದವರು

ನಮ್ಮ ಎಸ್ತೇರಳನ್ನು ತೆಗೆಯಲಿಲ್ಲ! ಇವತ್ತು ಮಧ್ಯಾಹ್ನ ಅಂಚೆಯಲ್ಲಿ ಕಾಗದ ಬಂತು. ನನ್ನ ಮೊಮ್ಮಗಳು ಇದೇ ಊರಿನ ಸಭೆಗೆ ಪಾಲಕಿಯಾಗಿ ಉಳಿಯುತ್ತಾಳೆ, ಬರುವ ತಿಂಗಳು ಅವಳಿಗೆ ಗುರುದೀಕ್ಷೆಯೂ ಆಗುತ್ತದೆ. ಮಸ್ಕಿಯ ನನ್ನ ಜನರೇ, ನಾನು ನಾಲ್ಕನೇ ಇಯತ್ತೆ ಓದಿದವನು. ಕಾಗದದ ಮೇಲೆ ಬೆರಳಿಟ್ಟು ಮೂರು ಸಲ ಓದಿದೆ. ಮೂರು ಸಲವೂ ಅದೇ ಬರೆದಿತ್ತು. ಆಮೇಲೆ ಅಂಗಳದಲ್ಲಿ ಕುಳಿತು ಅತ್ತೆ. ಅಂಚೆಯವನು ಏನೋ ಕೆಟ್ಟ ಸುದ್ದಿ ತಂದುಕೊಟ್ಟೆನೆಂದು ಹೆದರಿ ಸೈಕಲ್ ನಿಲ್ಲಿಸಿಬಿಟ್ಟ.

ನಾನು ಈ ಊರಿಗೆ ಬಂದ ಮೊದಲ ದಿನ ನಾಯಿಯನ್ನು ಹೆದರಿಸಲು ಒಂದು ಕಲ್ಲು ಸಿಗಲಿಲ್ಲ. ನಗಬೇಡಿ. ಮಸ್ಕಿಯ ಗುಡ್ಡದ ಕೆಳಗೆ ಜೀವಮಾನವೆಲ್ಲ ಕಲ್ಲು ಒಡೆದವನು ನಾನು. ಇಲ್ಲಿ ಬಗ್ಗಿ ನೆಲ ತಡವಿದರೆ ಕೈಗೆ ಬಂದದ್ದು ಕರಿ ಕೆಸರು. ಎತ್ತ ನೋಡಿದರೂ ನೀರು ನಿಂತ ಗದ್ದೆ, ಕಪ್ಪೆಗಳ ಕೂಗು. ಕಾಲಿಟ್ಟರೆ ನೆಲವೇ ಒಳಗೆ ಎಳೆದುಕೊಳ್ಳುತ್ತದೆ. ಒಂದೇ ಜಿಲ್ಲೆ, ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ ಎಂದು ನಿಮಗೂ ಗೊತ್ತು. ಆದರೂ ಬೇರೆ ದೇಶಕ್ಕೆ ಬಂದಂತಿತ್ತು.

ಇದು ದಢೇಸುಗೂರಿನ ಕಡೆಯ ಒಂದು ಕ್ಯಾಂಪು. ಕಾಲುವೆ ಬಂದಾಗ ಆಂಧ್ರದ ಕರಾವಳಿಯಿಂದ ಜನ ಬಂದು, ಹೊಲ ಹಿಡಿದು, ಗುಡಿಸಲು ಹಾಕಿಕೊಂಡ ಜಾಗಗಳಿಗೆ ಇಲ್ಲಿ ಕ್ಯಾಂಪು ಎನ್ನುತ್ತಾರೆ. ಈಗ ಮಾಳಿಗೆ ಮನೆಗಳಾಗಿವೆ, ಹೆಸರು ಮಾತ್ರ ಹಾಗೇ ಇದೆ. ಅದರ ಆಚೆ ಕೂಲಿ ಮಾಡುವ ನಮ್ಮ ಕಡೆಯವರ ಕೇರಿ. ಎರಡಕ್ಕೂ ಸೇರಿ ಒಂದೇ ಚರ್ಚು. ಮುಂದಿನ ಬೆಂಚುಗಳಲ್ಲಿ ಕ್ಯಾಂಪಿನವರು, ಹಿಂದೆ ಚಾಪೆಯ ಮೇಲೆ ಕೇರಿಯವರು. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೂ ಮೊದಲು ಅವರು ಎದ್ದು ಹೋಗಿ ಬರುತ್ತಾರೆ, ಆಮೇಲೆ ಇವರು. ಯಾರೂ ಹೀಗೆ ಮಾಡಿರೆಂದು ಹೇಳಿದ್ದಲ್ಲ, ಯಾರೂ ಬೇಡವೆಂದೂ ಹೇಳಿರಲಿಲ್ಲ.

ಬೆಂಗಳೂರಿನಲ್ಲಿ ದೇವಶಾಸ್ತ್ರ ಕಲಿತು ಬಂದ ಎಸ್ತೇರಳನ್ನು ಇಲ್ಲಿಗೆ ಹಾಕಿದಾಗ, ಮದುವೆಯಾಗದ ಹುಡುಗಿ ಒಬ್ಬಳೇ ಇರಬಾರದು, ಮನೆಯ ಹಿರಿಯರೊಬ್ಬರು ಜೊತೆಗಿರಬೇಕು ಎಂದು ಎಲ್ಲ ಚರ್ಚುಗಳನ್ನು ನೋಡಿಕೊಳ್ಳುವ ದೊಡ್ಡ ಸಭೆಯ ಹಿರಿಯರು ಹೇಳಿದರು. ಅವಳಪ್ಪ, ನನ್ನ ಮಗ ಸಾಮುವೇಲ, ಲಿಂಗಸುಗೂರು ತಾಲೂಕಿನ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ಇಳಿಯುವವನು. ಸೊಸೆ ಶಾಂತಮ್ಮನಿಗೆ ಇನ್ನಿಬ್ಬರು ಸಣ್ಣ ಹೆಣ್ಣುಮಕ್ಕಳು. ಖಾಲಿ ಇದ್ದವನು ನಾನೊಬ್ಬನೇ. ಹೀಗೆ ಕಾವಲಿಗೆ ಬಂದೆ. ಚರ್ಚಿನ ಹಿಂದೆ ಎರಡು ಕೋಣೆ, ಮೇಲೆ ತಗಡು.

ಮೊದಲ ತಿಂಗಳು ಮೂರು ಹೊತ್ತೂ ಅನ್ನ ಉಂಡು ಹೊಟ್ಟೆ ತುಂಬಿದ್ದೇ ಗೊತ್ತಾಗುತ್ತಿರಲಿಲ್ಲ. ತೆಲುಗು ಕಿವಿಯ ಪಕ್ಕದಲ್ಲೇ ಹರಿದುಹೋಗುತ್ತಿತ್ತು. ಒಂದು ದಿನ ಪಕ್ಕದ ಮನೆಯಾಕೆ ಗೋಂಗೂರ ಎಂದು ಬಟ್ಟಲಲ್ಲಿ ಏನೋ ಕೊಟ್ಟಳು. ನಾಲಿಗೆಗೆ ಇಟ್ಟರೆ ನಮ್ಮ ಪುಂಡಿಪಲ್ಲೆ! ನನಗೆ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಅವರಲ್ಲೂ ಉಪ್ಪಿಗೆ ಉಪ್ಪೇ ಅನ್ನುತ್ತಾರೆಂದು ತಿಳಿದ ಮೇಲೆ ಅಂಗಡಿಗೆ ಒಬ್ಬನೇ ಹೋಗಲು ಧೈರ್ಯ ಬಂತು. ಸಂಜೆಗಳೇ ಕಷ್ಟ. ಮಸ್ಕಿಯಲ್ಲಾದರೆ ಕಟ್ಟೆಯ ಮೇಲೆ ಯಾರಾದರೂ ಸಿಗುತ್ತಿದ್ದರು. ಇಲ್ಲಿ ಎಲ್ಲರೂ ಟೀವಿಯ ಮುಂದೆ. ಭಾನುವಾರ ಬೆಳಿಗ್ಗೆ ಧಾರಾವಾಹಿ ಬರುತ್ತದೆಂದು ಆರಾಧನೆಯ ಹೊತ್ತನ್ನೇ ಮುಂದೆ ಹಾಕಿದ್ದಾರೆಂದರೆ ನೀವೇ ತಿಳಿದುಕೊಳ್ಳಿ.

ಹಾಗಾಗಿ ಎಸ್ತೇರಳ ಪುಸ್ತಕಗಳೇ ನನಗೆ ಕಟ್ಟೆಯಾದವು. ಅವಳು ಇಂಗ್ಲಿಷಿನಲ್ಲಿ ಓದುತ್ತಿದ್ದಳು, ನಾನು ಏನು ಬರೆದಿದೆ ಎಂದು ಕೇಳುತ್ತಿದ್ದೆ.

"ತಾತ, ಮ್ಯಾಲ ಕುಂತು ಎಲ್ಲಾ ನಡಸೋ ದೇವ್ರು ಸತ್ತಾನ ಅಂತ ಬರದಾರ. ಬೈಯಾಕ ಬರದಿಲ್ಲ ಮತ್ತ. ಶಿಲುಬಿ ಮ್ಯಾಲ ಅವ ತನ್ನನ್ನ ಪೂರಾ ಸುರದುಬಿಟ್ಟ, ಮ್ಯಾಲ ಏನೂ ಉಳಿಸ್ಕೊಳ್ಳಿಲ್ಲ ಅಂತಾರ."

"ಹಂಗಾದ್ರ ನಾವು ಪ್ರಾರ್ಥನಿ ಯಾರಿಗಿ ಮಾಡಾಕತ್ತೀವಿ?"

"ಆ ಪ್ರಶ್ನಿ ನನಗೂ ಐತಿ."

"ಮತ್ತ ಅಷ್ಟ ವರ್ಷ ಏನ್ ಕಲ್ತು ಬಂದಿಬೇ?"

"ಗೊತ್ತಿಲ್ಲ ಅನ್ನೋದನ್ನ ನಾಚಿಕಿ ಇಲ್ದ ಹೇಳಾಕ ಕಲ್ತು ಬಂದೀನಿ."

ಇನ್ನೂ ಈಚಿನವರ ಬರಹವನ್ನೂ ಅವಳು ಹೇಳುತ್ತಿದ್ದಳು. ದೇವರೆಂಬ ಹೆಸರನ್ನು ಯಾರೂ ಮುಷ್ಟಿಯಲ್ಲಿ ಹಿಡಿದು ಇದೇ ಅದರ ಪೂರ್ತಿ ಅರ್ಥ ಎನ್ನಲಾಗದು. ಆ ಹೆಸರು ಯಾರ ಮೇಲೂ ಜೋರು ಮಾಡುವುದಿಲ್ಲ, ಬರೀ ಕರೆಯುತ್ತದೆ. ಹೋಗುವುದು ಬಿಡುವುದು ಕರೆಸಿಕೊಂಡವರಿಗೆ ಸೇರಿದ್ದು. ಅಷ್ಟೂ ಬಲವಿಲ್ಲದ ದೇವರನ್ನು ಇಟ್ಟುಕೊಂಡು ಏನು ಮಾಡುತ್ತೀ ಎಂದು ನಾನು ರೇಗಿಸುತ್ತಿದ್ದೆ.

ಆದರೆ ಒಂದು ಮಾತನ್ನು ಇವತ್ತು ಬರೆದೇ ಬಿಡುತ್ತೇನೆ. ಸಾಮುವೇಲನ ತಾಯಿ ಹೆರಿಗೆಯಲ್ಲಿ ಸತ್ತಾಗ ನೀವೆಲ್ಲ ಬಂದು ದೇವರ ಚಿತ್ತ ಎಂದಿರಿ. ನಾನು ತಲೆಯಾಡಿಸಿದೆ. ಅಂದಿನಿಂದ ಪ್ರತಿ ಭಾನುವಾರ ಚರ್ಚಿಗೆ ಬಂದು, ಆ ಚಿತ್ತದ ಯಜಮಾನನ ಮುಂದೆ ಹಲ್ಲು ಕಚ್ಚಿಕೊಂಡು ಕುಳಿತವನು ನಾನು. ಒಂದು ಸಂಜೆ ಎಸ್ತೇರು, "ತಾತ, ಅವ ಮ್ಯಾಲಿಂದ ಅಪ್ಪಣೆ ಕೊಟ್ಟಿಲ್ಲ. ಅಜ್ಜಿಯ ಕೂಡ ಅವನೂ ಅಲ್ಲೇ ಹೋದ," ಎಂದಳು. ನಿಜವೋ ಸುಳ್ಳೋ ನನಗೆ ತಿಳಿಯದು. ಆದರೆ ಇಷ್ಟು ವರ್ಷದ ಸಿಟ್ಟಿಗೆ ಕೂರಲು ಜಾಗವೇ ಇಲ್ಲದಂತಾಯಿತು. ಅಂದು ಮಲಗಿದವನು ಬೆಳಗಾಗುವವರೆಗೆ ಹೊರಳಲಿಲ್ಲ.

ಇದನ್ನೇ ಅವಳು ಶುಭ ಶುಕ್ರವಾರ ಪೀಠದಲ್ಲಿ ನಿಂತು ಹೇಳಿದಳು. "ಇವತ್ತು ದೇವರು ಸತ್ತ. ಸತ್ತಂತೆ ಮಾಡಲಿಲ್ಲ, ಸತ್ತ. ಮೇಲಿಂದ ಯಾರೋ ಬಂದು ನೋಡಿಕೊಳ್ಳುತ್ತಾರೆಂದು ಕಾಯಬೇಡಿ. ಉಳಿದವರು ನಾವು." ಮುಂದಿನ ಬೆಂಚಿನಿಂದ ಪ್ರಕಾಶರಾಯರು ಎದ್ದರು. ಅವರು ಕ್ಯಾಂಪಿನ ದೊಡ್ಡವರು, ಸಭೆಯ ಹಿರಿಯರು. ತೆಲುಗು ಬೆರೆತ ಕನ್ನಡದಲ್ಲಿ, "ಏಮಮ್ಮಾ, ದೇವ್ರ ಮನೇಲೇ ನಿಂತು ದೇವ್ರು ಸತ್ತ ಅಂತೀರಾ?" ಎಂದು ಕೇಳಿ ಹೊರನಡೆದರು. ಬೆಂಚುಗಳೆಲ್ಲ ಅವರ ಹಿಂದೆ ಖಾಲಿಯಾದವು. ಇವಳನ್ನು ತೆಗೆದುಹಾಕಿ ಎಂದು ಅವತ್ತೇ ದೊಡ್ಡ ಸಭೆಗೆ ಅವರು ದೂರು ಬರೆದರು.

ಶನಿವಾರ ಬೆಳಿಗ್ಗೆ ನಾನು ಒಲೆಯ ಮುಂದೆ ಕುಳಿತಿದ್ದೆ. ಕೇರಿಯ ಹುಲಿಗೆಮ್ಮ ಏಳೆಂಟು ಹೆಂಗಸರನ್ನು ಕರೆದುಕೊಂಡು ಅಂಗಳಕ್ಕೆ ಬಂದಳು. ತಲೆಯ ಮೇಲೆ ಬುಟ್ಟಿ, ಅದರಲ್ಲಿ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಚಟ್ನಿ, ಒಬ್ಬಳ ಕೈಯಲ್ಲಿ ಮಜ್ಜಿಗೆ.

"ತಾತ, ಒಲಿ ಹಚ್ಚಿಲ್ಲಲ್ಲ?"

"ಈಗ ಹಚ್ಚಬೇಕು ಅಂತಿದ್ದೆ ನೋಡವ್ವ."

"ಹಚ್ಚಬ್ಯಾಡ. ಸತ್ತ ಮನ್ಯಾಗ ಒಲಿ ಹಚ್ತಾರೇನು? ನಾವು ತಂದೀವಿ."

ಗಣಿಯಲ್ಲಿ ಮಗನಿಗೇನಾದರೂ ಆಯಿತೇ? "ಯಾರವ್ವ ಸತ್ತಾರ?"

"ಅಯ್ಯ, ನಿನ್ನಿ ಎಸ್ತೇರಮ್ಮ ಹೇಳ್ಯಾಳಲ್ಲ, ದೇವ್ರು ಸತ್ತಾನಂತ. ದೇವ್ರ ಮನ್ಯಾಗ ಇರೋರು ನೀವ. ನಿಮ್ಮ ಮನಿಗಿ ತರಲಿಲ್ಲಂದ್ರ ಮತ್ಯಾರ ಮನಿಗಿ ತರೂನು?"

ನಮ್ಮ ಕಡೆಯ ರೀತಿ ನಿಮಗೆ ಹೇಳಬೇಕಿಲ್ಲ. ಸಾವಾದ ಮನೆಗೆ ಓಣಿಯವರು ಅಡಿಗೆ ಒಯ್ಯುತ್ತಾರೆ. ಸತ್ತವರ ಕಡೆಯವರನ್ನು ಒಬ್ಬರೇ ಉಣ್ಣಲು ಬಿಡುವುದಿಲ್ಲ, ಬಂದವರೂ ಜೊತೆಗೆ ಕೂತು ಎರಡು ತುತ್ತು ತಿನ್ನಬೇಕು. ಎಸ್ತೇರು ಹೊರಗೆ ಬಂದವಳು ಬುಟ್ಟಿ ನೋಡಿ ಬಾಗಿಲಲ್ಲೇ ನಿಂತಳು. ಹುಲಿಗೆಮ್ಮ ಅವಳ ರಟ್ಟೆ ಹಿಡಿದು ಕೂರಿಸಿ, ಮಗುವಿಗೆ ತಿನ್ನಿಸುವಂತೆ ರೊಟ್ಟಿ ಮುರಿದು ಕೈಗಿಟ್ಟಳು.

ಅಷ್ಟರಲ್ಲೇ ಪ್ರಕಾಶರಾಯರು ಇನ್ನಿಬ್ಬರು ಹಿರಿಯರೊಂದಿಗೆ ಬಂದರು. ಬಿಳಿ ಬಟ್ಟೆ, ಮುಖ ಗಂಟು. ಇವರೂ ದುಃಖಕ್ಕೆ ಬಂದವರೆಂದೇ ಹುಲಿಗೆಮ್ಮ ತಿಳಿದಳು.

"ಬರ್ರಿ ರಾಯ್ರ, ಕುಂಡ್ರಿ. ಹಿಡೀರಿ ರೊಟ್ಟಿ."

"ಊಟಕ್ಕೆ ಬಂದಿಲ್ಲಮ್ಮಾ. ಈ ಅಮ್ಮಾಯಿನ ವಿಚಾರಣೆ ಮಾಡ್ಬೇಕು."

"ಉಂಡು ಮಾಡ್ರಿ. ಸತ್ತ ಮನಿಗಿ ಬಂದು ಹಂಗ ಹೋಗತಾರೇನು?" ಅವರು ಕದಲಲಿಲ್ಲ. ಹುಲಿಗೆಮ್ಮ ಅವರ ಮುಖವನ್ನೇ ನೋಡಿ, ನಿಜಕ್ಕೂ ತಿಳಿಯದೆ ಕೇಳಿದಳು: "ಯಾಕ್ರಿ, ಅವ ನಿಮಗೇನೂ ಆಗಬೇಕಿಲ್ಲೇನು?"

ಪ್ರಕಾಶರಾಯರು ಚಪ್ಪಲಿ ಬಿಟ್ಟರು. ಜಗಲಿಯ ಮೇಲೆ, ಕೂಲಿ ಹೆಂಗಸರ ಪಕ್ಕದಲ್ಲಿ ಕುಳಿತು ರೊಟ್ಟಿ ಇಸಿದುಕೊಂಡರು. ಚಟ್ನಿಯ ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂದಾಗ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ವಿಚಾರಣೆಯ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ. ಮರುದಿನ ಪುನರುತ್ಥಾನದ ಹಬ್ಬದ ಆರಾಧನೆಯಲ್ಲಿ ಎಸ್ತೇರು ಬೋಧನೆಯನ್ನು ಎರಡೇ ಮಾತಿನಲ್ಲಿ ಮುಗಿಸಿದಳು: "ಅವನು ಎಲ್ಲಿ ಎದ್ದನೆಂದು ನನ್ನನ್ನು ಕೇಳಬೇಡಿ. ನಿನ್ನೆ ಜಗಲಿಯ ಮೇಲೆ ಇದ್ದವರನ್ನು ಕೇಳಿ."

ಆದರೂ ದೂರು ಹೋಗಿತ್ತಲ್ಲ. ಮೂರು ವಾರದ ಮೇಲೆ ದೊಡ್ಡ ಸಭೆಯಿಂದ ಇಬ್ಬರು ಫೈಲು ಹಿಡಿದು ಬಂದರು. ದೇವರಿದ್ದಾನೆಂದು ನಂಬುತ್ತೀಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳು ಎಂದರು.

"ಒಂದ ಮಾತಿನ್ಯಾಗ ಹಿಡಿಯೋವಷ್ಟು ಸಣ್ಣಾಂವ ಅಂತ ನಂಬೂದಿಲ್ರಿ," ಎಂದಳು ನಮ್ಮ ಹುಡುಗಿ. ಮುಗಿಯಿತು ಎಂದುಕೊಂಡೆ. ಫೈಲಿನವರ ಹುಬ್ಬು ಮೇಲೇರಿತು.

ಆಗ ಪ್ರಕಾಶರಾಯರು ಎದ್ದು ನಿಂತರು. "ದೂರು ಬರೆದವನು ನಾನೇ. ಈ ಅಮ್ಮಾಯಿ ಹೇಳಿದ್ದು ಈಗಲೂ ನನಗೆ ಸರಿ ಕಾಣಲ್ಲ. ಆದ್ರೆ ಕೇಳಿ. ನಾವು ಈ ಊರಿಗೆ ಬಂದ ಹೊಸದರಲ್ಲಿ ನಮ್ಮಮ್ಮ ಸತ್ತರು. ಕೇರಿಯಿಂದ ಯಾರೂ ಊಟ ತರಲಿಲ್ಲ. ಕೇರಿಯವರ ಸಾವಿಗೆ ನಾವೂ ಒಯ್ದಿಲ್ಲ. ಇಷ್ಟು ವರ್ಷ ಒಂದೇ ಚರ್ಚಿನಲ್ಲಿದ್ದೂ ಆಗದ್ದು ಇವಳ ಜಗಲಿ ಮೇಲೆ ಆಯ್ತು. ಇವಳನ್ನ ಕಳಿಸಬೇಡಿ." ಇಷ್ಟು ಹೇಳಿ ಕುಳಿತುಬಿಟ್ಟರು.

ತೀರ್ಪು ಕಾಗದದಲ್ಲಿ ತಿಳಿಸುತ್ತೇವೆಂದು ಫೈಲಿನವರು ಹೊರಟುಹೋದರು. ಅಂದಿನಿಂದ ಇಂದಿನವರೆಗೆ ನಾವು ಹೇಗೆ ದಿನ ನೂಕಿದೆವೋ ನಮಗೇ ಗೊತ್ತು. ತೆಗೆದೇ ತೆಗೆಯುತ್ತಾರೆಂದು ಎಸ್ತೇರು ಟ್ರಂಕು ತುಂಬಿದಳು. ನಾನು ಹಾಸಿಗೆ ಸುತ್ತಿಟ್ಟೆ. ಸಾಮುವೇಲ ಇವತ್ತು ರಜೆ ಹಾಕಿ, ಹೆಂಡತಿ ಮಕ್ಕಳೊಂದಿಗೆ, ಸಾಮಾನು ಕಟ್ಟಲು ಹಗ್ಗವನ್ನೂ ಹಿಡಿದು ನಮ್ಮನ್ನು ಕರೆದೊಯ್ಯಲು ಬಂದ. ಅವನು ಬಸ್ಸಿಳಿದು ಬರುವಾಗ ನಾನು ಕಾಗದ ಬೀಸುತ್ತಾ ರಸ್ತೆಗೇ ಓಡಿದೆ. ಕಾಗದದಲ್ಲಿ ಒಂದು ಷರತ್ತೂ ಇದೆ. ಮುಂದಿನ ಶುಭ ಶುಕ್ರವಾರದ ಬೋಧನೆಗೆ ಬೇರೆ ಪಾಲಕ ಅಯ್ಯನವರನ್ನು ಕಳಿಸುತ್ತಾರಂತೆ. ಎಸ್ತೇರು ಅದನ್ನೋದಿ ನಕ್ಕ ನಗು ಕ್ಯಾಂಪಿಗೆಲ್ಲ ಕೇಳಿಸಿರಬೇಕು.

ಸಂಜೆ ಶಾಂತಮ್ಮ ಟ್ರಂಕಿನಿಂದ ಪಾತ್ರೆಗಳನ್ನು ಹೊರತೆಗೆದು ಅಡಿಗೆಗೆ ನಿಂತಳು. ಅನ್ನ, ಬೇಳೆ, ಕೋಳಿ ಸಾರು. ಆರೂ ಜನ ಸುತ್ತ ಕುಳಿತೆವು. ಸಣ್ಣ ಮೊಮ್ಮಕ್ಕಳು ಕೋಳಿಯ ಕಾಲಿಗೆ ಜಗಳಾಡಿದವು. ಸಾಮುವೇಲ ದೊಡ್ಡ ಮಗಳ ತಟ್ಟೆಗೆ ತಾನೇ ಸಾರು ಹಾಕಿದ. ಅವನು ಹೀಗೆ ಬಡಿಸಿದ್ದನ್ನು ನಾನು ನೋಡಿರಲಿಲ್ಲ. ಎರಡನೇ ಸಲ ಅನ್ನ ಹಾಕುತ್ತಾ ಸೊಸೆ ಕೇಳಿದಳು:

"ಮಾವ, ಇನ್ನ ಇಕಿಗಿ ಕಾವಲ ಯಾಕ? ಊರ ಮಂದಿನ ಅದಾರ. ನೀವು ನಾಳಿ ನಮ್ಮ ಕೂಡ ಮಸ್ಕಿಗಿ ಬರ್ರಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ಎಸ್ತೇರು ಮಾತ್ರ ತಟ್ಟೆ ನೋಡುತ್ತಿದ್ದಳು. ನನಗೆ ಮಸ್ಕಿಯ ಕಟ್ಟೆಯೂ ಬೇಕಿತ್ತು, ಇವಳ ಸಂಜೆಯ ಪುಸ್ತಕಗಳೂ ಬೇಕಿದ್ದವು. ಬಾಯಿ ತುಂಬ ಅನ್ನವಿತ್ತು. ಅದನ್ನೇ ನೆಪ ಮಾಡಿಕೊಂಡು, ಇನ್ನಷ್ಟು ಸಾರು ಹಾಕೆಂದು ತಟ್ಟೆ ಮುಂದೆ ಚಾಚಿದೆ.