ಭಾವ ತಿರುಗಿ ನೋಡದೆ ಬಂದ ದಿನ

ನಮ್ಮ ಭಾವನ ಕಾಲಿಗೆ ಚಕ್ರವಿದೆ ಎಂದು ಅಕ್ಕ ಮದುವೆಯಾದ ವರ್ಷವೇ ಹೇಳಿದ್ದಳು. ಆಮೇಲೆ ಅವರಿಗೆ ಸಿಕ್ಕಿದ ಕೆಲಸವೂ ಅಂಥದ್ದೇ. ಕಡಲ ದಂಡೆಯ ಮೂರು ಹಳೆಯ ಕಟ್ಟಡಗಳ ಬೀಗದ ಕೈ ಅವರ ಸೊಂಟದಲ್ಲಿ ಜೋತಾಡುತ್ತದೆ. ಊರು ದಾಟಿದ ಕೂಡಲೇ ಸಿಗುವ ಸುಂಕದ ಮನೆ, ಅದರಾಚೆ ಗುಡ್ಡದ ಮೇಲೆ ಈಗ ದೀಪ ಉರಿಯದ ಲೈಟ್‌ಹೌಸು, ಕೊನೆಗೆ ನೆಲ ಮುಗಿಯುವಲ್ಲಿ ಕೋಟೆ. ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗುತ್ತ ಒಂದೊಂದೇ ಬಾಗಿಲು ತೆಗೆಯಬೇಕು, ಸಂಜೆ ಕೋಟೆಯಿಂದ ಶುರುಮಾಡಿ ಒಂದೊಂದೇ ಮುಚ್ಚುತ್ತ ಬರಬೇಕು. ನಡುವೆ, ನೋಡಲು ಬಂದವರಿಗೆ ಗೋಡೆಯ ಮೇಲೆ ಹೆಸರು ಕೆತ್ತಬೇಡಿ ಎಂದು ಹೇಳುತ್ತ ಸುತ್ತಬೇಕು. ಇಲಾಖೆ ಕೊಟ್ಟ ಕುರ್ಚಿಗೆ ಗೆದ್ದಲು ಹಿಡಿಯಿತೇ ಹೊರತು ಭಾವ ಅದರ ಮೇಲೆ ಕೂತದ್ದನ್ನು ಕಂಡವರಿಲ್ಲ.

ನನ್ನದು ಸೈಕಲ್ ರಿಪೇರಿ ಅಂಗಡಿ. ಆ ದಾರಿ ಎಂಥದ್ದೆಂದು ಅವರ ಸೈಕಲ್ ನೋಡಿಯೇ ಹೇಳಬಲ್ಲೆ. ಚೈನಿನಲ್ಲಿ ಮರಳು, ರಿಮ್ಮಿನಲ್ಲಿ ತುಕ್ಕು, ಬ್ರೇಕಿನ ರಬ್ಬರು ಹಾಕಿದ ತಿಂಗಳೊಳಗೆ ಸವೆದು ಕಾಗದ. ಆದರೆ ತಪ್ಪೆಲ್ಲ ದಾರಿಯದಲ್ಲ. ಹೋಗಿಬರುವ ದಾರಿಯನ್ನು ಭಾವ ದಿನಕ್ಕೆ ಒಂದು ಸಲ ತುಳಿದು ಸುಮ್ಮನಿರುವವರಲ್ಲ. ಕೋಟೆಗೆ ಬೀಗ ಹಾಕಿ ಲೈಟ್‌ಹೌಸಿನವರೆಗೆ ಬಂದರೋ ಇಲ್ಲವೋ, ತಲೆಗೆ ಹುಳ ಹೊಕ್ಕಂತಾಗುತ್ತಿತ್ತು. ಹಾಕಿದೆನೋ ಇಲ್ಲವೋ, ಒಳಗೆ ಯಾರಾದರೂ ಉಳಿದರೋ ಏನೋ. ಮತ್ತೆ ಹೋಗಿ ಬೀಗ ಜಗ್ಗುವುದು, ಬಾಗಿಲ ಸಂದಿಯಲ್ಲಿ ಕೂಗುವುದು, ತಮ್ಮದೇ ದನಿ ವಾಪಸು ಬಂದ ಮೇಲೆ ಹೊರಡುವುದು. ಒಂದು ದಿನವೂ ಒಳಗೆ ಯಾರೂ ಇದ್ದದ್ದಿಲ್ಲ. ಅವರು ಮನೆ ಮುಟ್ಟುವಷ್ಟರಲ್ಲಿ ಊಟ ತಣ್ಣಗೆ, ಅಕ್ಕ ಬಿಸಿ.

ಎಲ್ಲೆಲ್ಲಿಂದಲೋ ಜನ ಆ ಕೋಟೆ ನೋಡಲು ಬರುತ್ತಾರೆ. ಅಕ್ಕ ಮಾತ್ರ ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಇದಕ್ಕೇ. ಕರೆದುಕೊಂಡು ಹೋಗಿ ಎಂದಾಗಲೆಲ್ಲ ಭಾವ, ಅಲ್ಲೇನಿದೆ ಕಲ್ಲು, ಅನ್ನುತ್ತಿದ್ದರು. ನನಗೆ ಅವರ ಮೇಲೆ ಈ ವಿಷಯಕ್ಕೆ ಯಾವಾಗಲೂ ಸಿಟ್ಟಿತ್ತು.

ಆ ವಾರ ಮನೆಯಲ್ಲಿ ದೊಡ್ಡ ಜಗಳವೇ ಆಗಿತ್ತು. ಒಂದು ಸಲ ಬೀಗ ಹಾಕಿದರೆ ಹಾಕಿದ ಹಾಗೆ, ತಲೆಯೊಳಗೆ ಯಾರೋ ಕೂಗಿದರು ಎಂದು ತಿರುಗಿ ನೋಡಕೂಡದು, ಸೀದಾ ಮನೆಗೆ ಬರಬೇಕು ಎಂದು ಅಕ್ಕ ಭಾವನಿಂದ ಮಾತು ತೆಗೆದುಕೊಂಡಿದ್ದಳು. ಮಾತು ಕೊಟ್ಟ ಮೇಲೂ ಒಂದೆರಡು ದಿನ ಭಾವ ಕದ್ದು ಹೋಗಿ ಬೀಗ ಜಗ್ಗಿದ್ದರಂತೆ.

ಅವತ್ತು ಮಾತ್ರ ಇನ್ನೂ ಬಿಸಿಲಿರುವಾಗಲೇ ನನ್ನ ಅಂಗಡಿ ಮುಂದೆ ಇಳಿದರು. ತಿರುಗಿ ನೋಡಲಿಲ್ಲ ಕಣೋ ಎಂದು, ಪರೀಕ್ಷೆ ಪಾಸಾದ ಹುಡುಗನ ಹಾಗೆ ಹೇಳಿಕೊಂಡರು. ಹೇಳುತ್ತಿದ್ದಾಗಲೂ ಕೈ ಸುಮ್ಮನಿರದೆ ಸೈಕಲ್ ಬೆಲ್ಲನ್ನು ಒತ್ತುತ್ತಲೇ ಇತ್ತು. ನನಗೂ ಖುಷಿಯಾಗಿ ಕೆಲಸ ಬಿಟ್ಟು ಜೊತೆಗೆ ನಡೆದೆ. ಮನೆ ಎರಡು ಹೆಜ್ಜೆ ಆಚೆಗಿದೆ.

ಮನೆಗೆ ಬೀಗ ಹಾಕಿತ್ತು. ಫೋನ್ ಮಾಡಿದರೆ ಒಳಗೇ ರಿಂಗಾಯಿತು. ಪಕ್ಕದ ಮನೆಯ ಟೀಚರು ಕಿಟಕಿಯಿಂದ ತಲೆ ಹಾಕಿ, ಅವರು ಮಧ್ಯಾಹ್ನದ ಬಸ್ಸಿಗೆ ಕೋಟೆ ನೋಡಲು ಹೋದರಲ್ಲ ಎಂದರು. ಗಂಡ ಕರೆದುಕೊಂಡು ಹೋಗಲಿ ಎಂದು ಕಾದರೆ ಕೋಟೆಯೇ ಬಿದ್ದುಹೋಗುತ್ತದೆ ಎಂದು ನಗುತ್ತ ಹೋದಳಂತೆ. ಅಲ್ಲಿಂದ ಬರುವ ಕೊನೆಯ ಬಸ್ಸು ಆಗಲೇ ಬಂದಾಗಿತ್ತು, ಆ ಬಸ್ಸಿನಿಂದ ಅಕ್ಕ ಇಳಿದಿರಲಿಲ್ಲ. ನಿಮ್ಮ ಜೊತೆಗೇ ಬರುತ್ತಾರೆ ಅಂದುಕೊಂಡೆ ಎಂದರು ಟೀಚರು.

ಆಟೋ ತರುತ್ತೇನೆ, ಬಸ್ಸು ಹೋಗುವ ಮೇಲಿನ ರಸ್ತೆಯಲ್ಲಿ ಬಳಸಿಕೊಂಡು ಹೋಗೋಣ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಭಾವ ಸೈಕಲ್ ಹತ್ತಿ ಬೀದಿಯ ತಿರುವಿನಲ್ಲಿದ್ದರು. ನಾನು ಅಂಗಡಿಗೆ ಓಡಿ, ರಿಪೇರಿಗೆ ಬಂದಿದ್ದ ಯಾರದೋ ಸೈಕಲ್ ಹತ್ತಿದೆ. ದಿನವಿಡೀ ಸೈಕಲ್ ಮುಟ್ಟುತ್ತೇನೆ, ಹತ್ತಿ ವರ್ಷಗಳಾಗಿದ್ದವು. ನನ್ನ ಹೊಟ್ಟೆ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುಂಕದ ಮನೆಯ ತನಕ ಪರವಾಗಿಲ್ಲ. ಅದು ದಾಟಿದ್ದೇ ಎದುರುಗಾಳಿ ಎದೆಗೆ ಕೈಯಿಟ್ಟು ತಳ್ಳತೊಡಗಿತು. ರಸ್ತೆಯ ಮೇಲೆ ಮರಳು ಬಿದ್ದಲ್ಲಿ ಚಕ್ರ ಹೂತುಹೋಗುತ್ತಿತ್ತು. ಅಲೆಗಳು ಟಾರನ್ನು ತಿಂದು ಹಾಕಿದ ಕಡೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬಂಡೆಯಿಂದ ಬಂಡೆಗೆ ದಾಟಿದೆವು. ಅಕ್ಕನಿಗೆ ಸಂಜೆಯಾದರೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕೋಟೆಯೊಳಗೆ ಕಟ್ಟೆ ಕುಸಿದ ಬಾವಿಯೊಂದಿದೆ. ನಾವಿಬ್ಬರೂ ಅದರ ಮಾತೆತ್ತಲಿಲ್ಲ, ನನ್ನ ತಲೆಯಲ್ಲಿ ಮಾತ್ರ ಆ ಬಾವಿಯೇ ಇತ್ತು.

ಲೈಟ್‌ಹೌಸಿನ ಏರಿನಲ್ಲಿ ನಾನು ಇಳಿದು ತಳ್ಳಿದೆ. ಭಾವ ನನಗಿಂತ ಹಿರಿಯರು, ಪೆಡಲಿನ ಮೇಲೆ ಎದ್ದು ನಿಂತು ತುಳಿದೇ ಹತ್ತಿದರು. ಆ ನೆತ್ತಿಯಿಂದ ಸೂರ್ಯ ಮುಳುಗುವುದನ್ನು ನೋಡಲು ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ನನಗೆ ಆ ಸೂರ್ಯನನ್ನು ಕಂಡರೆ ಬೈಯುವಷ್ಟು ಸಿಟ್ಟು ಬಂತು, ಇನ್ನು ಸ್ವಲ್ಪ ನಿಲ್ಲಬಾರದೇ ಇವನು ಎಂದು. ಭಾವ ಅಲ್ಲಿ ನನಗಾಗಿ ಕಾಯುತ್ತಿದ್ದರು.

"ಕೇಳಿಸ್ತು ಕಣೋ," ಎಂದರು. "ಬೀಗ ಹಾಕಿ ಸೈಕಲ್ ಹತ್ತುವಾಗ ಒಳಗಿಂದ ಯಾರೋ ಕರೆದ ಹಾಗೆ ಕೇಳಿಸ್ತು. ನನ್ನ ಹಳೇ ಹುಚ್ಚು ಅಂದ್ಕೊಂಡೆ."

ಇಳಿಜಾರಿನಲ್ಲಿ ಇಬ್ಬರೂ ಬ್ರೇಕು ಮುಟ್ಟದೆ ಇಳಿದೆವು.

ಕೋಟೆ ಬಾಗಿಲಲ್ಲಿ ಅವರು ಸುಂಕದ ಮನೆಯ ಬೀಗದ ಕೈಯನ್ನೇ ಮತ್ತೆ ಮತ್ತೆ ತೂರಿಸುತ್ತಿದ್ದರು, ನಾನೇ ಗೊಂಚಲು ಕಿತ್ತುಕೊಂಡು ಬೀಗ ತೆಗೆದೆ. ಒಳಗೆ ಆಗಲೇ ಮಬ್ಬು. ಭಾವ ಓಯ್ ಎಂದು ಕೂಗಿದರು, ಅವರದೇ ದನಿ ವಾಪಸು ಬಂತು. ಆಮೇಲೆ ಇಷ್ಟು ವರ್ಷಗಳಲ್ಲಿ ಅವರ ಬಾಯಲ್ಲಿ ಕೇಳದಿದ್ದದ್ದನ್ನು ಕೇಳಿದೆ. ಅಕ್ಕನ ಹೆಸರು ಹಿಡಿದು ಕೂಗಿದರು.

"ಇಲ್ಲಿದೀನಿ," ಎಂದಿತು ಮೇಲಿನಿಂದ ಅಕ್ಕನ ದನಿ. "ಮೆಟ್ಟಿಲು ಕಾಣಿಸ್ತಿಲ್ಲ, ಅದಕ್ಕೇ ಕೂತ್ಬಿಟ್ಟೆ."

ಭಾವ ಎರಡೆರಡು ಮೆಟ್ಟಿಲು ದಾಟುತ್ತ ಹತ್ತಿದರು, ನಾನು ಒಂದೊಂದೇ ತಡವುತ್ತ ಹಿಂದೆ ಹತ್ತಿದೆ. ಅಕ್ಕ ಕಡಲಿಗೆ ಮುಖ ಮಾಡಿದ ಗೋಡೆಯ ಪಕ್ಕ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಭಾವ ಯಾರೊಂದಿಗೋ ಮಾತಾಡುತ್ತಿದ್ದಾಗ ಹಿಂದಿನಿಂದ ಮೇಲೆ ಬಂದವಳು, ಹೊತ್ತು ಹೋದದ್ದು ತಿಳಿಯಲಿಲ್ಲವಂತೆ.

"ಬಾಗಿಲು ಹಾಕಿದ ಸದ್ದಾಯ್ತು, ಎರಡು ಸಲ ಕರೆದೆ," ಎಂದಳು. "ಕೇಳಿಸ್ಲಿಲ್ವಾ?"

ಗಾಳಿ ಜೋರಿತ್ತು ಎಂದುಬಿಡಲಿ ದೇವರೇ ಎಂದುಕೊಂಡೆ. ಅಂಥ ಒಂದು ಸುಳ್ಳಿನಿಂದ ಯಾರ ಗಂಟೂ ಹೋಗುವುದಿಲ್ಲ.

"ಕೇಳಿಸ್ತು," ಎಂದರು ಭಾವ.

ದಿನಾ ತಿರುಗಿ ಬರುವವರು ಇವತ್ತೂ ಬರುತ್ತಾರೆಂದು ಧೈರ್ಯದಿಂದಿದ್ದೆ ಎಂದಳು ಅಕ್ಕ. ನಾನೇ ಅಲ್ಲವೇ ಬೇಡ ಎಂದದ್ದು ಎಂದವಳೇ ಅತ್ತುಬಿಟ್ಟಳು. ಭಾವ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡತೊಡಗಿದರು. ಕತ್ತಲಾಗುತ್ತದೆ, ಏಳು, ಕೈ ಹಿಡಿದುಕೋ, ಮೆಟ್ಟಿಲು ಜಾರುತ್ತದೆ, ಹೊರಡೋಣ. ಅಕ್ಕ ಏಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಮನೇಲಂತೂ ಒಂದು ಕಡೆ ಕೂರಲ್ಲ. ಇಲ್ಲಾದ್ರೂ ಎಲ್ಲೋ ಕೂರ್ತಾರೇನೋ, ನೋಡ್ಕೊಂಡು ಬರೋಣ ಅಂತ ಬಂದೆ. ನೀವು ಕೂರೋ ಜಾಗ ಯಾವುದು, ತೋರ್ಸಿ."

ಭಾವ ಸುತ್ತ ನೋಡಿದರು. ಇಷ್ಟು ವರ್ಷ ಕಾಯ್ದ ಗೋಡೆ, ಬುರುಜು, ಮೆಟ್ಟಿಲು ಎಲ್ಲವನ್ನೂ ಒಂದು ಸುತ್ತು ನೋಡಿದರು. ತೋರಿಸಲು ಅವರಿಗೆ ಒಂದು ಜಾಗವೂ ಇರಲಿಲ್ಲ. ಮೆಲ್ಲಗೆ ಹೋಗಿ ಅಕ್ಕನ ಪಕ್ಕದಲ್ಲಿ ಕೂತರು. ಕೂತರೂ ಅವರ ಮೊಣಕಾಲು ಕುಣಿಯುತ್ತಲೇ ಇತ್ತು. ಅಕ್ಕ ಅದರ ಮೇಲೆ ಕೈ ಇಟ್ಟಳು. ಅದು ನಿಲ್ಲಲಿಲ್ಲ. ಅವಳೂ ಕೈ ತೆಗೆಯಲಿಲ್ಲ.