ಹುಳದ ಮನೆಯಲ್ಲಿ ಮುಚ್ಚಿಟ್ಟ ಜ್ವರ

ಅಕ್ಕನಿಗೆ ಜ್ವರ ಬಂದದ್ದು ಮೊದಲು ಗೊತ್ತಾದದ್ದು ನನಗೆ. ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಕೊಡುವಾಗ ಅವಳ ಬೆರಳು ತಾಗಿದವು. ಸುಡುತ್ತಿದ್ದವು.

"ಅಮ್ಮಂಗೆ ಹೇಳ್ಬೇಡ ಕಣೇ ಲಚ್ಚಿ."

ನಾನು ಹೇಳಲಿಲ್ಲ.

ಹುತ್ತೂರಿನ ಹತ್ತಿರದ ನಮ್ಮ ಊರಿನಲ್ಲಿ ರೇಷ್ಮೆಹುಳ ಸಾಕುವವರದು ಒಂದು ಕಟ್ಟುಪಾಡು. ಕಾಯಿಲೆಯವರು ಹುಳದ ಮನೆಗೆ ಕಾಲಿಡಬಾರದು, ಹುಳ ಕೆಡುತ್ತವೆ. ನಮ್ಮಲ್ಲಿ ಸ್ನಾನ ಮಾಡಿ ಒಳಗೆ ಹೋಗುತ್ತಿದ್ದವರು ಅಕ್ಕ, ನಾನು ಇಬ್ಬರೇ. ಊರ ಸ್ಕೂಲು ಮಾಸ್ತರ ಹೆಂಡತಿ ಕೊಡುತ್ತಿದ್ದ ಕಾದಂಬರಿಗಳನ್ನೂ ಅಲ್ಲೇ, ಬಿದಿರು ತಟ್ಟೆಗಳ ಹಿಂದೆ ಇಡುತ್ತಿದ್ದೆವು. ಹೆಣ್ಣುಮಕ್ಕಳ ಕೈಯಲ್ಲಿ ಪುಸ್ತಕ ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಕಥೆಯೇ ತಣ್ಣಗಾಗುತ್ತಿತ್ತು. ಆದ್ದರಿಂದ ಹುಳಗಳಿಗೆ ಸೊಪ್ಪು ಹಾಕಿ ಅಕ್ಕ ಓದುತ್ತಿದ್ದಳು. ನಾನು ಬಾಗಿಲ ತೋರಣಕ್ಕೆ ಮಣಿ ಪೋಣಿಸುತ್ತ ಕೇಳುತ್ತಿದ್ದೆ.

ಆ ಸಲದ ಕಥೆಯ ಹೆಣ್ಣು ಬೀಗದ ಕೈ ಗೊಂಚಲನ್ನು ಅತ್ತೆಯ ಮುಂದಿಟ್ಟು ಒಬ್ಬಳೇ ರೈಲು ಹತ್ತಿದ್ದಳು. ಎಲ್ಲಿ ಇಳಿದಳು? ಯಾರು ಸೇರಿಸಿಕೊಂಡರು? ರಾಗಿ ಬೀಸುವಾಗಲೂ ನನಗೆ ಅದೇ ಯೋಚನೆ. ಅಕ್ಕನನ್ನು ಹಾಸಿಗೆಗೆ ಹಾಕಿಬಿಟ್ಟರೆ ಆ ಕಥೆಯವಳ ಗತಿ ಏನಾಯಿತೆಂದು ನನಗೆ ಯಾರು ಹೇಳಬೇಕು?

ಸಂಜೆಯಾದರೆ ಅಕ್ಕನ ಕಣ್ಣು ಕೆಂಪಾಗುತ್ತಿತ್ತು. "ಅಕ್ಷರ ಎಲ್ಲಾ ತೇಲ್ತಾವೆ ಕಣೇ," ಎಂದಳು ಒಂದು ದಿನ.

"ಆ ರೈಲು ಹತ್ತಿದವಳಾಗಿದ್ರೆ ಇಷ್ಟಕ್ಕೆಲ್ಲ ಮಲಗ್ತಿದ್ಲಾ? ಇನ್ನೊಂದು ಅಧ್ಯಾಯ ಓದಕ್ಕ."

"ಅವಳಿಗೆ ನಿನ್ನಂಥ ತಂಗಿ ಇರ್ಲಿಲ್ಲ ಬಿಡು," ಎಂದು ನಕ್ಕಳು. ಓದಿದಳು.

ಕೊನೆಗೆ ಒಲೆಯ ಮುಂದೆ ಕುಸಿದಳು. ಅಮ್ಮ ಡಿಸ್ಪೆನ್ಸರಿಗೆ ಕರೆದುಕೊಂಡು ಹೋದಳು. ಜ್ವರ ಯಾವಾಗಿಂದ ಎಂದು ಅಲ್ಲಿಯ ಡಾಕ್ಟರು ಕೇಳಿದರು. "ನೆನ್ನೆಯಿಂದ ಸ್ವಾಮಿ," ಎಂದಳು ಅಮ್ಮ. ಅಕ್ಕ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ನಾನು ಗೋಡೆ ನೋಡಿದೆ. ಮಲೇರಿಯಾ ಇರಬೇಕೆಂದು ಮಿಕ್ಸ್ಚರ್ ಕೊಟ್ಟರು. ಊಟ ಮಾಡಬಹುದು ಎಂದರು. ಅಮ್ಮ ಮುದ್ದೆ ತಿನ್ನಿಸಿದಳು. ನಾನು ಪಕ್ಕದಲ್ಲೇ ಕೂತು ನೋಡಿದೆ.

ಮಾರನೆಯ ದಿನ ಹೊಟ್ಟೆನೋವು. ಭೇದಿಯಲ್ಲಿ ರಕ್ತ.

ಯುದ್ಧಕ್ಕೆ ಪೆಟ್ರೋಲು ಸಿಗದ ಕಾಲ; ಕೋಲಾರಕ್ಕೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು. ಏರು ಬಂದಾಗಲೆಲ್ಲ ಅದು ಏದುಸಿರು ಬಿಡುತ್ತ ನಿಲ್ಲುತ್ತಿತ್ತು. ಇಳಿದು ನಾನೇ ತಳ್ಳಲೇ ಎನಿಸುತ್ತಿತ್ತು. ಅಕ್ಕನ ತಲೆ ಅಮ್ಮನ ತೊಡೆಯ ಮೇಲಿತ್ತು.

ಆಸ್ಪತ್ರೆಯಲ್ಲೂ ಅದೇ ಪ್ರಶ್ನೆ. ಅಮ್ಮ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ:

"ಹುಳ ಅಕ್ಕಿಕಾಳಿನಷ್ಟಿದ್ದಾಗಿಂದ ಸ್ವಾಮಿ."

"ಏನಮ್ಮಾ ಅದು?" ಡಾಕ್ಟರಿಗೆ ತಿಳಿಯಲಿಲ್ಲ.

ಅಮ್ಮನಿಗೆ ತಿಳಿಯಿತು.

ನಾವು ಮನೆ ಬಿಟ್ಟಾಗ ಹುಳಗಳು ಬೆರಳುದ್ದ ಆಗಿದ್ದವು. "ಎರಡು ವಾರದ ಹತ್ರ ಆಯ್ತು ಸ್ವಾಮಿ," ಎಂದು ಅವಳೇ ಲೆಕ್ಕ ಹಾಕಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ಟೈಫಾಯ್ಡ್.

"ಕರುಳಲ್ಲಿ ಹುಣ್ಣಾಗಿದೆ. ಗಟ್ಟಿ ಪದಾರ್ಥ ಒಂದಗುಳೂ ಹೋಗ್ಬಾರ್ದು. ಹಾಸಿಗೆಯಿಂದ ಏಳ್ಲೂಬಾರ್ದು," ಎಂದರು ಡಾಕ್ಟರು. ಉಳಿಯುತ್ತಾಳೆ ಎನ್ನಲಿಲ್ಲ.

ವಾರ್ಡಿನಲ್ಲಿ ಅಮ್ಮ ಚಮಚದಲ್ಲಿ ಬಾರ್ಲಿ ನೀರು ಹಾಕುತ್ತಿದ್ದಳು. ನಾನು ವರಾಂಡದಲ್ಲಿ ಕೂರುತ್ತಿದ್ದೆ, ಏಳುತ್ತಿದ್ದೆ, ಕಿಟಕಿಯಲ್ಲಿ ಇಣುಕುತ್ತಿದ್ದೆ. ಥರ್ಮಾಮೀಟರ್ ನೋಡಿದ ನರ್ಸಮ್ಮನ ಮುಖ ಓದಲು ನೋಡುತ್ತಿದ್ದೆ. ಮನೆಯನ್ನೇ ಬಿಟ್ಟು ಹೊರಟ ಹೆಣ್ಣಿನ ಧೈರ್ಯಕ್ಕೆ ಅಷ್ಟು ಹಿಗ್ಗಿದ್ದ ನನಗೆ, ಡಿಸ್ಪೆನ್ಸರಿಯಲ್ಲಿ ಒಂದು ನಿಜ ಹೇಳುವ ಧೈರ್ಯ ಯಾಕೆ ಬರಲಿಲ್ಲ ಎಂದು ಎಷ್ಟು ಕೇಳಿಕೊಂಡರೂ, ಅಪ್ಪನ ಭಯ ಎನ್ನುವುದು ಅರ್ಧ ಉತ್ತರವೇ. ಉಳಿದರ್ಧ ನನಗೆ ಕಥೆ ಬೇಕಿತ್ತು.

ರಕ್ತ ನಿಂತಿತು. ಜ್ವರ ಬಹಳ ನಿಧಾನವಾಗಿ ಇಳಿಯಿತು. ಕೂದಲು ಕೈತುಂಬ ಉದುರಿತು.

ಈಗ ಅಕ್ಕ ಮನೆಯಲ್ಲಿದ್ದಾಳೆ. ಗೋಡೆ ಹಿಡಿದು ನಡೆಯುತ್ತಾಳೆ. "ಹೇಳ್ಬೇಡ ಅಂದಿದ್ದು ನಾನೇ ಅಲ್ವೇನೇ," ಎನ್ನುತ್ತಾಳೆ. ಅದರಿಂದ ನನ್ನ ಭಾರ ಇಳಿಯುವುದಿಲ್ಲ.

ಅಮ್ಮ ನನ್ನನ್ನು ಬೈದಿಲ್ಲ. ಹೊಲದಿಂದ ಬಂದವಳು, "ಹೆಂಗಿದ್ದಾಳೆ?" ಎಂದು ನನ್ನನ್ನು ಕೇಳುವುದನ್ನು ಮಾತ್ರ ಬಿಟ್ಟಿದ್ದಾಳೆ. ಚೆನ್ನಾಗಿದ್ದಾಳಮ್ಮ ಎಂದು ನಾನಾಗಿ ಹೇಳಿದರೂ ನನ್ನನ್ನು ದಾಟಿ ಹೋಗಿ, ಅಕ್ಕನ ಹಣೆಯನ್ನು ತಾನೇ ಮುಟ್ಟಿ ನೋಡುತ್ತಾಳೆ.

ನೋಡಲಿ. ಮುಟ್ಟಿ ನೋಡಲು ಅಕ್ಕ ಇದ್ದಾಳಲ್ಲ.