ಅಪ್ಪ ಗಣಿಯೊಳಗಿದ್ದಾಗ ಮುಗಿಸಬಾರದ ಪುಸ್ತಕ

ನಮ್ಮ ಕಾಲದ ಬೇಸಿಗೆ ರಜೆಯಲ್ಲಿ ಊರಿಗಾಂ ಚಿನ್ನದ ಗಣಿಯ ಸಾಲುಮನೆಗಳ, ಅಂದರೆ ಲೈನಿನ, ಮಕ್ಕಳಿಗೆ ಎರಡೇ ಸುಖ: ತಿನ್ನುವುದು, ಸುಮ್ಮನಿರುವುದು. ಎರಡನೆಯದನ್ನು ಸುಖ ಎಂದು ಕರೆದವರು ದೊಡ್ಡವರು. ರಾತ್ರಿ ಪಾಳಿ ಮುಗಿಸಿ ಬಂದ ಗಂಡಸರು ಹಗಲೆಲ್ಲ ಮಲಗುತ್ತಿದ್ದರು, ಮನೆಮನೆಯ ನಡುವೆ ಇದ್ದದ್ದು ಬಿದಿರಿನ ತಟ್ಟಿ. ಒಂದು ಮನೆಯಲ್ಲಿ ಚೆಂಡು ಪುಟಿದರೆ ಆಚೆಯ ಮನೆಯ ಗಂಡಸು ಎದ್ದು ಬಂದು ನಮ್ಮ ವಂಶವನ್ನೆಲ್ಲ ಕನ್ನಡ, ತಮಿಳು, ತೆಲುಗಿನಲ್ಲಿ ವಿಚಾರಿಸಿಕೊಳ್ಳುತ್ತಿದ್ದ. ಹಾಗಾಗಿ ನಾನು ಓದುವವಳಾದೆ. ಚಿಕ್ಕಂದಿನಿಂದಲೇ ಜ್ಞಾನದ ಹಸಿವು ಎಂದು ಈಗ ಯಾರಾದರೂ ಹೊಗಳಿದರೆ ನಾನು ತಿದ್ದಲು ಹೋಗುವುದಿಲ್ಲ.

ಪುಸ್ತಕ ಬರುತ್ತಿದ್ದದ್ದು ಬಂಗಾರಪೇಟೆಯಿಂದ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಭಾನುವಾರದ ರೈಲಿಗೆ ಚೀಲ ಹೊತ್ತು ಬರುತ್ತಿದ್ದಳು. ಚೀಲದಲ್ಲಿ ಮೇಲೆ ರಸಪುರಿ ಹಣ್ಣು, ಅಡಿಯಲ್ಲಿ ಅವಳ ನೆರೆಮನೆಯ ಮೇಷ್ಟರಿಂದ ಕೇಳಿ ತಂದ ಕಾದಂಬರಿ. ಹಣ್ಣನ್ನು ಅಡಿಗಿಟ್ಟರೆ ಜಜ್ಜಿಹೋಗುತ್ತದಂತೆ. ರಸ ಇಳಿದು ಪುಟಗಳು ಅಂಟಿಕೊಂಡಿದ್ದರೆ ಅಮ್ಮ ಚಾಕುವಿನಿಂದ ಬಿಡಿಸಿಕೊಡುತ್ತಿದ್ದಳು. ಮುಂದಿನ ಭಾನುವಾರ ಪುಸ್ತಕ ವಾಪಸು ಹೋಗಬೇಕು. ಮೇಷ್ಟರು ಅದನ್ನು ಮೂಸಿ ನೋಡಿ ಏನಂದುಕೊಂಡರೋ ಗೊತ್ತಿಲ್ಲ.

ಅಮ್ಮನಿಗೆ ಓದು ಬರುತ್ತಿರಲಿಲ್ಲ. ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸಿ ಅವಳು ತಾಳೆಮರದ ತಾಟಿನುಂಗು ಸುಲಿಯಲು ಕೂತರೆ ನಾನು ಓದಬೇಕು. ಪಕ್ಕದ ಮನೆಯ ಅಕ್ಕನೂ ಬಂದು ಕೂರುತ್ತಿದ್ದಳು. ಅವಳ ಮನೆಮಾತು ತಮಿಳು. ಕನ್ನಡ ಅರ್ಧ ಅರ್ಥವಾಗುತ್ತಿತ್ತು, ಅಳು ಬರುವ ಜಾಗದಲ್ಲಿ ಮಾತ್ರ ಪೂರ್ತಿ ಅಳುತ್ತಿದ್ದಳು.

ಈ ಓದಿಗೆ ಅಮ್ಮ ಒಂದು ಕಟ್ಟಳೆ ಮಾಡಿದ್ದಳು. ನಮ್ಮ ಮನೆಯಲ್ಲಿ ಮೊದಲಿಂದಲೂ 'ಮುಗೀತು' ಎನ್ನುವಂತಿರಲಿಲ್ಲ. ಅಕ್ಕಿಯ ಡಬ್ಬ ಬರಿದಾದರೆ 'ತುಂಬೈತೆ' ಅನ್ನಬೇಕು, ದೀಪ ಆರಿಸಬೇಕಾದರೆ 'ದೊಡ್ಡದು ಮಾಡು' ಅನ್ನಬೇಕು. ಅಪ್ಪ ಪಾಳಿಗೆ ಹೊರಡುವಾಗ 'ಬತ್ತೀನಿ' ಎಂದದ್ದನ್ನು ಬಿಟ್ಟು ಬೇರೆ ಕೇಳಿಲ್ಲ. ಇದನ್ನೇ ಅಮ್ಮ ಕಾದಂಬರಿಗೂ ಹಚ್ಚಿದಳು. ಅಪ್ಪ ನೆಲದ ಕೆಳಗಿರುವಷ್ಟು ಹೊತ್ತು ಯಾವ ಕತೆಯನ್ನೂ ಮುಗಿಸಬಾರದು. ಕೊನೆಯ ಅಧ್ಯಾಯವೇನಿದ್ದರೂ ಅವನು ಮನೆಯಲ್ಲಿದ್ದಾಗ. ಮನೆಯಲ್ಲಿದ್ದಾಗ ಅವನು ಮಲಗಿರುತ್ತಿದ್ದ. ಹೀಗಾಗಿ ನನ್ನ ಬಾಲ್ಯದ ಕಾದಂಬರಿಗಳ ಮದುವೆ, ಸಾವು, ಶಾಪವಿಮೋಚನೆಗಳೆಲ್ಲ ಪಿಸುಮಾತಿನಲ್ಲೇ ಜರುಗಿದವು.

"ಇದು ಯಾವ ಶಾಸ್ತ್ರದಲ್ಲೈತಮ್ಮ?" ಎಂದು ಒಮ್ಮೆ ಕೇಳಿದ್ದೆ.

"ನಿಮ್ಮಪ್ಪ ದಿನಾ ವಾಪಸ್ ಬತ್ತಾನಲ್ಲ, ಅದೇ ಶಾಸ್ತ್ರ," ಎಂದಳು. ನಾನು ಬಾಯಿ ಮುಚ್ಚಿಕೊಂಡು ಮುಂದಿನ ಪುಟಕ್ಕೆ ಹೋದೆ.

ಒಂದು ಬೇಸಿಗೆಯಲ್ಲಿ ಅಣ್ಣನ ಜೊತೆ ಜಗಳವಾಡಿ ಮನೆ ಬಿಟ್ಟು ಹೋದ ಹುಡುಗನ ಕತೆ ಬಂತು. ಅದರ ಕೊನೆ ಹತ್ತಿರವಾದದ್ದು ಶನಿವಾರ, ಅವತ್ತು ಅಪ್ಪನಿಗೆ ಹಗಲು ಪಾಳಿ. ಹುಡುಗ ದೇಶವೆಲ್ಲ ಸುತ್ತಿ, ಬುದ್ಧಿ ಬಂದು, ಊರಿನ ರೈಲು ಹತ್ತಿದ್ದ. ಕೊನೆಯ ಅಧ್ಯಾಯ ಬಂತೆಂದು ನಾನು ಪುಸ್ತಕ ಮಡಿಸಿದೆ. ಆಗ ನೆಲ ನಡುಗಿತು.

ನೆಲ ನಡುಗುವುದು ನಮಗೆ ಹೊಸದಲ್ಲ. ಗಣಿಯ ಆಳದಲ್ಲಿ ಬಂಡೆ ತಾನಾಗಿ ಸಿಡಿದರೆ ಮೇಲೆ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಹೆಂಗಸರು ಬಾಗಿಲಿಗೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳಗೆ ಹೋಗುತ್ತಿದ್ದರು. ಅವತ್ತು ಗೂಡಿನಲ್ಲಿದ್ದ ಚೊಂಬು ಕೆಳಗೆ ಬಿತ್ತು. ಯಾರೂ ಒಳಗೆ ಹೋಗಲಿಲ್ಲ.

ಪಾಳಿ ಬಿಡುವ ಸೈರನ್ ಕೂಗಿತು, ಗಂಡಸರು ಬರಲಿಲ್ಲ. ಆಳುಗಳನ್ನು ಇಳಿಸಿ ಏರಿಸುವ ಕೇಜು ನಿಂತುಹೋಗಿದೆ, ಕೆಳಗಿನವರ ಸುದ್ದಿ ಗೊತ್ತಿಲ್ಲ ಎಂದು ಯಾರೋ ಹೇಳಿ ಹೋದರು. ಗಣಿಯ ಹತ್ತಿರ ಹೋದರೂ ಗೇಟಿನಾಚೆಯೇ ನಿಲ್ಲಬೇಕು. ಪಕ್ಕದ ಮನೆಯ ಅಕ್ಕನ ಗಂಡನೂ ಅಪ್ಪನ ಪಾಳಿಯಲ್ಲೇ ಇದ್ದ. ಅವಳು ನಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು.

"ಓದೇ," ಎಂದಳು ಅಮ್ಮ.

"ಕೊನೇದು ಕಣಮ್ಮ."

"ಗೊತ್ತು ಕಣೇ. ಸುಮ್ಕೆ ಕೂತ್ಕಳಕ್ಕಾಗಲ್ಲ. ಓದು, ಮುಗಿಸಬೇಡ."

ಪುಸ್ತಕದಲ್ಲಿ ಉಳಿದದ್ದು ಎರಡು ಪುಟ. ನಾನು ರೈಲನ್ನು ಬಂಗಾರಪೇಟೆಯಲ್ಲಿ ನಿಲ್ಲಿಸಿದೆ. ಪುಸ್ತಕದಲ್ಲಿ ಬಂಗಾರಪೇಟೆ ಇರಲಿಲ್ಲ. ಇಂಜಿನ್ನಿಗೆ ನೀರು ತುಂಬಿಸಿದೆ. ಹುಡುಗನಿಗೆ ಹಸಿವು ತರಿಸಿ ವಡೆ ಕೊಡಿಸಿದೆ. ವಡೆ ಮಾರುವವಳಿಗೆ ಮದುವೆಗೆ ಬಂದ ಮಗಳಿದ್ದಳು, ಅವಳಿಗೊಂದು ಗಂಡು ಹುಡುಕಿದೆ, ಗಂಡಿನ ತಾಯಿಗೆ ಮಂಡಿನೋವು ಕೊಟ್ಟೆ. ಲೈನಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ನಾನು ಉಸಿರು ತೆಗೆದುಕೊಂಡರೆ ಸಾಕು, ಪಕ್ಕದ ಮನೆಯ ಅಕ್ಕ "ಅಪ್ಪುರಂ? ಆಮೇಲೆ?" ಎನ್ನುತ್ತಿದ್ದಳು. ಅಮ್ಮ ಯಾರೂ ತಿನ್ನದ ತಾಟಿನುಂಗನ್ನು ಸುಲಿದು ಸುಲಿದು ಗುಡ್ಡೆ ಹಾಕುತ್ತಿದ್ದಳು. ಅಕ್ಷರ ಬರದಿದ್ದರೂ, ನಾನು ಪುಟ ತಿರುವುತ್ತಿಲ್ಲ ಎಂಬುದು ಅವಳಿಗೆ ಕಾಣುತ್ತಿತ್ತು. ಆದರೂ ಇನ್ನೊಂದು ಕಾಯಿ ಎತ್ತಿಕೊಂಡಳು.

ಬಾಯಿ ನಿಲ್ಲಿಸಿದರೆ ಅಪ್ಪ ಸಾಯುತ್ತಾನೆ ಎಂದು ಆ ಹೊತ್ತಿಗೆ ನಾನೂ ನಂಬಿಬಿಟ್ಟಿದ್ದೆ. ಹಾಗಾಗಿ ಮಂಡಿನೋವಿನ ಅತ್ತೆಯನ್ನು ರಾಬರ್ಟ್‌ಸನ್‌ಪೇಟೆಯ ನಾಟಿವೈದ್ಯನ ಹತ್ತಿರ ಕರೆದುಕೊಂಡು ಹೋದೆ. ಹುಡುಗ ಮಾತ್ರ ವಡೆ ತಿನ್ನುತ್ತಲೇ ಇದ್ದ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ, ಜೊತೆಗೆ ಪಕ್ಕದ ಮನೆಯ ಅಕ್ಕನ ಗಂಡ. ಇಬ್ಬರಿಗೂ ಹುಬ್ಬಿನವರೆಗೆ ಕೆಸರು. ಅಷ್ಟು ಹೆಂಗಸರನ್ನು ನೋಡಿ ಅಪ್ಪ ಗಾಬರಿಯಾದ.

"ಯಾಕೆ, ಯಾರಿಗೇನಾಯ್ತು?" ಎಂದು ಕೇಳಿದ.

ಅಕ್ಕ ತನ್ನ ಗಂಡನ ಅಂಗಿ ಹಿಡಿದುಕೊಂಡು ಅತ್ತಳು, ಆಮೇಲೆ ತಮಿಳಿನಲ್ಲಿ ಬಯ್ಯುತ್ತಾ ಕರೆದುಕೊಂಡು ಹೋದಳು.

"ಕೇಜು ನಿಂತೋಗಿತ್ತು. ಏಣಿ ಅತ್ಕಂಡು ಬಂದ್ವಿ," ಎಂದ ಅಪ್ಪ.

"ನೀರು ಕಾದೈತೆ," ಎಂದಳು ಅಮ್ಮ. ಅಷ್ಟು ಹೇಳಿ ಒಲೆ ಹೊತ್ತಿಸಲು ಒಳಗೆ ಹೋದಳು. ಆ ಸಂಜೆ ನಮ್ಮ ಲೈನಿನ ಗಂಡಸರೆಲ್ಲ ಮನೆಗೆ ಬಂದರು. ಎಲ್ಲ ಸಲವೂ ಹಾಗಾಗಿದ್ದಿಲ್ಲ.

ಊಟವಾಗಿ ಅಪ್ಪ ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಅಮ್ಮ ಲಾಂದ್ರವನ್ನು ನನ್ನ ಹತ್ತಿರ ಸರಿಸಿ, "ಈಗ ಮುಗಿಸು," ಎಂದಳು. ನಾನು ಎಂದಿನಂತೆ ಪಿಸುಗುಟ್ಟಿದೆ. ಹುಡುಗ ರೈಲಿಳಿದ, ಕೆರೆ ಏರಿಯ ಮೇಲೆ ನಡೆದ, ಬಾಗಿಲು ತಳ್ಳಿ ಒಳಗೆ ಹೋದ. ಅಲ್ಲಿಂದಾಚೆ ಪುಸ್ತಕವೇ ಇರಲಿಲ್ಲ.

ಅಷ್ಟೆಲ್ಲ ಮದುವೆ, ಮಂಡಿನೋವು ಕೇಳಿದ ಅಮ್ಮನಿಗೆ ಇದು ಸಾಲಲಿಲ್ಲ. "ಇಷ್ಟೇನಾ? ಒಳಕ್ಕೋದ್ಮೇಲೆ ಏನಾಯ್ತಂತೆ?"

"ಬರೆದಿಲ್ಲಮ್ಮ."

ಮಲಗಿದ್ದಾನೆ ಅಂದುಕೊಂಡಿದ್ದ ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ: "ಮನೆ ಸೇರ್ಕಂಡ್ನಲ್ಲ. ಇನ್ನೇನಾಗ್ಬೇಕು?"

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು, ಸದ್ದಾಗದಂತೆ. ತಟ್ಟಿಯಾಚೆ ಪಕ್ಕದ ಮನೆಯವನು ಆಗಲೇ ನಿದ್ದೆಹೋಗಿದ್ದ.